ಬ್ರೇಕ್ ಮೇಷ್ಟ್ರ ಮೌಸು

ಬ್ರೇಕ್ ಮೇಷ್ಟ್ರು ತೀರಿಕೊಂಡರು. ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ, ಮನೆಯಲ್ಲಿ, ತಮ್ಮ ಮಂಚದ ಮೇಲೆ. ಎದೆಯಲ್ಲಿ ಕಫ ಕಟ್ಟಿ ಎರಡು ದಿನದಿಂದ ಜ್ವರವಿತ್ತು. ಡಾಕ್ಟರು ಬಂದು ನೋಡಿ, ಬರೆಯಬೇಕಾದದ್ದನ್ನು ಬರೆದುಕೊಟ್ಟು, ಮೆಟ್ಟಿಲಿಳಿದು ಹೋದರು. ಸಂಜೆ ನೆರೆದವರಲ್ಲಿ ಮುಕ್ಕಾಲು ಪಾಲು ಅವರ ಹತ್ತಿರ ಕಾರು ಕಲಿತವರು. ಓಣಿಯಲ್ಲಿ ಅವರೆಲ್ಲ ನಿಲ್ಲಿಸಿದ್ದ ಕಾರುಗಳು ಗೆರೆ ಎಳೆದ ಹಾಗೆ ಓರಣವಾಗಿದ್ದವು. ಒಬ್ಬರೂ ಇನ್ನೊಬ್ಬರಿಗೆ ಅಡ್ಡ ನಿಲ್ಲಿಸಿರಲಿಲ್ಲ. ಅಷ್ಟರಮಟ್ಟಿಗೆ ಮೇಷ್ಟ್ರ ಪಾಠ ನೀರುಪಾಲಾಗಿರಲಿಲ್ಲ.

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಅವನಿಗೆ ಸ್ಟೀರಿಂಗ್ ಇಲ್ಲ, ಗೇರು ಅವನದಲ್ಲ. ಇರುವುದು ಒಂದು ಬ್ರೇಕು, ಒಂದು ಬಾಯಿ. ಮೇಷ್ಟ್ರು ಎರಡನ್ನೂ ಧಾರಾಳವಾಗಿ ಬಳಸಿದರು. "ಓಡಿಸೋದಕ್ಕೆ ಯಾರು ಬೇಕಾದ್ರೂ ಕಲೀತಾರೆ, ಕತ್ತೆಗೆ ಹೇಳ್ಕೊಟ್ರೂ ಓಡ್ಸುತ್ತೆ. ನಿಲ್ಲಿಸೋಕೆ ಕಲೀರಿ ಮೊದಲು" ಎನ್ನುವುದು ಮೊದಲ ದಿನದ ಮಾತು. ಎರಡನೆಯ ದಿನದಿಂದ ಬೈಗುಳ. "ಕ್ಲಚ್ಚು ನಿಧಾನ ಬಿಡಿ ತಾಯಿ, ಅದು ನಿಮ್ಮತ್ತೆ ಕಾಲಲ್ಲ, ತುಳಿದು ಓಡಿಹೋಗೋಕೆ!" ಬೈಸಿಕೊಂಡವರು ನಗುತ್ತಲೇ ಕಲಿತರು. ಏನು ಮಾಡಿದರೂ ಪಕ್ಕದಲ್ಲಿ ಆ ಕಾಲು ಇದೆ, ಕಾರು ನಿಂತೇ ನಿಲ್ಲುತ್ತದೆ ಎಂಬ ಧೈರ್ಯ ಎಲ್ಲರಿಗೂ ಇತ್ತು. ಬ್ರೇಕ್ ಮೇಷ್ಟ್ರು ಎಂಬ ಹೆಸರು ಹಾಗೆ ಅಂಟಿಕೊಂಡಿತು.

ಊರಿಗೆಲ್ಲ ಕಲಿಸಿದವರು ಹೆಂಡತಿಗೆ ಕಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಪ್ರಯತ್ನ ನಡೆದಿತ್ತು. ಅವಳು ನಡುರಸ್ತೆಯಲ್ಲಿ ಕಾರು ನಿಲ್ಲಿಸಿ, ಬಾಗಿಲು ಧಡಾರನೆ ಹಾಕಿ, ನಡೆದುಕೊಂಡು ಮನೆಗೆ ಬಂದಿದ್ದಳು. "ಗಂಡ ಹೆಂಡ್ತಿಗೆ ಕಾರು ಕಲಿಸಿದ್ರೆ ಇಬ್ರೂ ಬೇರೆ ಬೇರೆ ಬಸ್ಸಲ್ಲಿ ಮನೆ ಸೇರ್ತಾರೆ" ಎಂದು ಮೇಷ್ಟ್ರು ಅದನ್ನೇ ಗಾದೆ ಮಾಡಿಕೊಂಡು ತಿರುಗಿದರು. ಅವಳು ದರ್ಜಿ. ಒಂದನೆಯ ಮಹಡಿಯ ಆ ಮನೆಯ ಮುಂಗೋಣೆಯಲ್ಲಿ, ಕಿಟಕಿಯ ಬಳಿ ಹೊಲಿಗೆಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮಕ್ಕಳಾಗಲಿಲ್ಲ. ಅವರ ಬೈಗುಳ, ಅವಳ ಯಂತ್ರದ ಸದ್ದು, ಇವೆರಡರಲ್ಲಿ ಆ ಮನೆ ತುಂಬಿರುತ್ತಿತ್ತು.

ಆಮೇಲೆ ನರಗಳು ಒಂದೊಂದಾಗಿ ಕೈಬಿಡುವ ಆ ಕಾಯಿಲೆ ಬಂತು. ಮೊದಲು ಕಾಲು ಎಡವಿತು. ಆಮೇಲೆ ಬೀಗದಕೈ ತಿರುಗಿಸಲು ಬೆರಳು ಒಪ್ಪಲಿಲ್ಲ. ಶಾಲೆ ಮುಚ್ಚಿತು, ಕಾರು ಕೆಳಗಿನ ಶೆಡ್ಡು ಸೇರಿತು. ಕೊನೆಗೆ ನಾಲಿಗೆಯೂ ಹೋಯಿತು. ಅಷ್ಟು ಮಾತಾಡುತ್ತಿದ್ದ ಮನುಷ್ಯನಲ್ಲಿ ಉಳಿದದ್ದು ಎರಡು ಕಣ್ಣು ಮತ್ತು ಬಲಗೈಯ ಹೆಬ್ಬೆರಳು. ಕಣ್ಣು ಮೇಲಕ್ಕೆತ್ತಿದರೆ ಹೌದು, ಮುಚ್ಚಿದರೆ ಇಲ್ಲ.

ಹೆಬ್ಬೆರಳಿಗಾಗಿ ಒಂದು ಮೌಸು ತರಿಸಿದರು. ಸಾಮಾನ್ಯದ್ದಲ್ಲ. ಅದರ ಬೆನ್ನ ಮೇಲೆ ನಿಂಬೆಹಣ್ಣಿನ ಗಾತ್ರದ ಗುಂಡು, ಪಕ್ಕದಲ್ಲಿ ಮುಟ್ಟಿದರೆ ಸಾಕು ಎನ್ನುವಷ್ಟು ಮೆತ್ತನೆಯ ಒಂದು ಗುಂಡಿ. ಗುಂಡನ್ನು ಹೊರಳಿಸಿದರೆ ಪರದೆಯ ಮೇಲೆ ಬಾಣ ಓಡುತ್ತದೆ. ಪರದೆಯಲ್ಲಿ ಹರಡಿದ ಅಕ್ಷರಗಳ ಮೇಲೆ ಅದನ್ನು ನಿಲ್ಲಿಸಿ ಗುಂಡಿ ಒತ್ತಿದರೆ ಒಂದು ಅಕ್ಷರ. ಹೀಗೆ ಮೇಷ್ಟ್ರು ಮತ್ತೆ ಬಾಯಿ ಪಡೆದರು. ಅದನ್ನು ಜೋಡಿಸಿಕೊಟ್ಟವನು ಮುಖ್ಯರಸ್ತೆಯ ಕಂಪ್ಯೂಟರ್ ಅಂಗಡಿಯವನು, ಅವರ ಹಳೆಯ ಶಿಷ್ಯ. ಕಲಿಯುವಾಗ ಬ್ರೇಕಿನ ಬದಲು ಹಾರ್ನ್ ಒತ್ತುತ್ತಿದ್ದುದರಿಂದ ಅವನನ್ನು ಎಲ್ಲರೂ ಹಾರ್ನ್ ಎಂದೇ ಕರೆಯುತ್ತಿದ್ದರು. ಅವನು ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇಟ್ಟು, ಅದನ್ನು ಒತ್ತಿದರೆ ಕಾರಿನ ಹಾರ್ನ್ ಕೂಗುವ ಹಾಗೆ ಮಾಡಿದ್ದ. "ಅಕ್ಕನ್ನ ಕರೀಬೇಕಾದ್ರೆ ಒತ್ತಿ ಮೇಷ್ಟ್ರೇ. ನನಗೆ ಬೈದಿದ್ದಕ್ಕೆಲ್ಲ ಇದೇ ಬಡ್ಡಿ."

ಒಮ್ಮೆ ಆ ಮೌಸು ಹಾಸಿಗೆಯಿಂದ ಜಾರಿ ನೆಲಕ್ಕೆ ಬಿತ್ತು. ಒಡೆಯಲಿಲ್ಲ, ಆದರೆ ಹೆಂಡತಿಯ ಎದೆ ಒಡೆದು ಹೋಯಿತು. ಅವತ್ತೇ ಕೂತು, ವೈರಿಗೆ ಬಟ್ಟೆಯ ಗವಸು ಹೊಲಿದಳು. ಗವಸನ್ನು, ಹಿಡಿಕೆ ತಿರುಗಿಸಿದರೆ ಏಳುವ ಆ ಆಸ್ಪತ್ರೆ ಮಂಚದ ತಲೆಭಾಗದ ಸರಳಿಗೆ ಸುತ್ತಿ, ಜೋಡಿದಾರದಲ್ಲಿ ಬಿಗಿದು ಹೊಲಿಗೆ ಹಾಕಿದಳು. ಬಿಚ್ಚಿಹೋಗುವ ಹೊಲಿಗೆ ಆ ಕೈಯಿಂದ ಜನ್ಮದಲ್ಲಿ ಬಿದ್ದಿಲ್ಲ.

ಮೌಸು ಬಂದ ಮೇಲೆ ಅವಳೇ ಒಂದು ದಿನ ಹೇಳಿದಳು: "ಏನ್ರೀ, ನನಗೆ ಕಾರು ಕಲಿಸ್ತೀರಾ? ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಯಾರ ಬಾಯಿ ನೋಡೋದೂ ಬೇಡ. ಈಗ ಹೇಗೂ ನೀವು ಕಿರಿಚೋ ಹಾಗಿಲ್ಲ."

'ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ' ಎಂದು ಪರದೆಯ ಮೇಲೆ ಬಂತು.

ಆ ಪಾಠಗಳನ್ನು ಕಂಡವರು ಮರೆಯುವುದಿಲ್ಲ. ಹೊಲಿಗೆಯಂತ್ರದ ಮುಂದೆ ಅವಳು. ಕೈಯಲ್ಲಿ ಸ್ಟೀರಿಂಗಿಗೆ ಬದಲು ಒಂದು ತಟ್ಟೆ. ಬಲಗಾಲು ಯಂತ್ರದ ಮೋಟಾರಿನ ಪೆಡಲಿನ ಮೇಲೆ, ಅದೇ ಆಕ್ಸಿಲರೇಟರ್. ಎಡಗಾಲಡಿಯಲ್ಲಿ ಮಡಿಸಿದ ದಿಂಬು, ಅದು ಕ್ಲಚ್ಚು. ಮಂಚದಲ್ಲಿ ಒರಗಿ ಕುಳಿತ ಮೇಷ್ಟ್ರು ಬರೆಯುವರು: 'ಬಲಗಾಲಿಗೆ ನಾನು ಕಲಿಸುವುದೇನೂ ಇಲ್ಲ. ಎಡಗಾಲು ದಡ್ಡ.' ಅವಳು ದಿಂಬನ್ನು ಮೆಲ್ಲಗೆ ಬಿಡುತ್ತ ಪೆಡಲನ್ನು ಕೂದಲೆಳೆಯಷ್ಟು ಒತ್ತುವಳು, ಯಂತ್ರ ಗುಂಯ್ ಎನ್ನುವುದು. ಒಂದೇ ಒಂದು ತೊಡಕು. ಹೊಲಿಗೆಯಂತ್ರ ನಿಲ್ಲಬೇಕಾದರೆ ಕಾಲೆತ್ತಬೇಕು. ಕಾರು ನಿಲ್ಲಬೇಕಾದರೆ ಕಾಲು ಒತ್ತಬೇಕು. ವರ್ಷಗಟ್ಟಲೆ ಕಾಲೆತ್ತಿ ನಿಲ್ಲಿಸಿದವಳಿಗೆ ಒತ್ತಿ ನಿಲ್ಲಿಸುವುದು ಬರುತ್ತಿರಲಿಲ್ಲ. ಬ್ರೇಕಿನ ಪಾಠ ಕೊನೆಗಿರಲಿ ಎಂದು ಮೇಷ್ಟ್ರು ಬಿಟ್ಟಿದ್ದರು.

ಬಿಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಶೆಡ್ಡಿನಲ್ಲಿದ್ದ ಕಾರಿನ ಬ್ರೇಕು ಸರಿಯಿರಲಿಲ್ಲ. ಮೊದಲ ಸಲ ಒತ್ತಿದರೆ ಪೆಡಲು ಖಾಲಿ ಇಳಿಯುತ್ತಿತ್ತು. ತಕ್ಷಣ ಎರಡನೆಯ ಸಲ ಒತ್ತಿದರೆ ಮಾತ್ರ ಹಿಡಿಯುತ್ತಿತ್ತು. ಕಡೆಯ ತಿಂಗಳುಗಳಲ್ಲಿ ಆದದ್ದು ಅದು. ಮೇಷ್ಟ್ರ ಕಾಲಿಗೆ ಅದು ಗೊತ್ತಿತ್ತು. ಪಕ್ಕದ ಸೀಟಿನಿಂದ ಟಪ್ ಟಪ್ ಎಂದು ಒತ್ತಿಬಿಡುತ್ತಿದ್ದರು. ನಾಳೆ ರಿಪೇರಿ, ನಾಡಿದ್ದು ರಿಪೇರಿ ಎನ್ನುವಷ್ಟರಲ್ಲಿ ಅವರ ಕಾಲೇ ರಿಪೇರಿ ಮೀರಿತು. ಬೇರೆ ಯಾರಿಗೂ ಇದು ಗೊತ್ತಿರಲಿಲ್ಲ.

ಒಂದು ದಿನ ಹೆಂಡತಿಯ ಅಣ್ಣ ಬಂದ. ಗೋಡೌನ್ ಒಂದರ ಮೇಲ್ವಿಚಾರಕ. ಮಾತಾಡಿದರೆ ಲಾರಿಯಿಂದ ಮೂಟೆ ಇಳಿಸಿದ ಹಾಗೆ. ಹೃದಯ ಮಾತ್ರ ಬೆಣ್ಣೆ. ಬಂದವನೇ ಮಂಚದ ಹಿಡಿಕೆ ತಿರುಗಿಸಿ, ಭಾವನಿಗೆ ತನ್ನ ಮುಖ ಕಾಣಲೆಂದು ತಲೆಭಾಗವನ್ನು ಇನ್ನಷ್ಟು ಎತ್ತಿದ.

"ಭಾವ, ಒಂದು ಒಳ್ಳೇ ಸುದ್ದಿ. ಕಾರಿಗೆ ಹೊಸ ಬ್ಯಾಟರಿ ಹಾಕ್ಸಿದೀನಿ. ಕೀ ತಿರುಗಿಸಿದ ತಕ್ಷಣ ಹಸುಗೂಸಿನ ಹಾಗೆ ಎದ್ದು ಕೂತ್ಕೊಳ್ತು! ಭಾನುವಾರ ಬೆಳಿಗ್ಗೆ ಇವಳನ್ನ ರಸ್ತೆಗೆ ಇಳಿಸ್ತೀನಿ. ನಾನು ನಿಮ್ಮ ಸೀಟಲ್ಲಿ ಕೂತ್ಕೊಳ್ತೀನಿ. ಕಾಲಡೀಲಿ ಬ್ರೇಕ್ ಇದೆಯಲ್ಲ, ಇನ್ನೇನು ಭಯ?"

ಓಣಿಯ ಕೊನೆಯಲ್ಲಿ ಇಳಿಜಾರು. ಇಳಿಜಾರಿನ ಬುಡದಲ್ಲಿ ಲಾರಿಗಳು ಓಡುವ ದೊಡ್ಡ ರಸ್ತೆ. ಮೇಷ್ಟ್ರ ಹೆಬ್ಬೆರಳು ಗುಂಡಿನ ಮೇಲೆ ಹೊರಳಿತು.

ಬಾಣ ಕದಲಲಿಲ್ಲ. ಮತ್ತೆ ಹೊರಳಿಸಿದರು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಮೂಡಿತು. ಜೋಡಿಸಿದ ಸಾಧನದ ಗುರುತು ಸಿಗುತ್ತಿಲ್ಲ ಎಂಬರ್ಥದ ಇಂಗ್ಲಿಷ್ ಸಾಲು. ಸ್ವಲ್ಪ ಹೊತ್ತಿದ್ದು ಅದೂ ಮಾಯವಾಯಿತು.

ಮುಂದಿನ ದಿನಗಳಲ್ಲಿ ತಲೆಯೊಳಗೆ ಏನೇನು ನಡೆಯಿತೆಂಬುದನ್ನು ಮೇಷ್ಟ್ರು ಆಮೇಲೆ ಅಕ್ಷರಕ್ಕೆ ಅಕ್ಷರ ಪೋಣಿಸಿ ಹೇಳಿದ್ದರಿಂದಲೇ ಇದೆಲ್ಲ ತಿಳಿದದ್ದು. ಆಗ ಹೊರಗಿನವರಿಗೆ ಕಂಡದ್ದು ಇಷ್ಟೇ: ಮೌಸು ಕೆಟ್ಟಿದೆ, ಮೇಷ್ಟ್ರು ಚಡಪಡಿಸುತ್ತಿದ್ದಾರೆ.

ಹಾರ್ನ್ ಬಂದ. ವೈರು ಕಿತ್ತು ಚುಚ್ಚಿದ. ಪಕ್ಕದ ತೂತಿಗೆ ಚುಚ್ಚಿದ. ಕಂಪ್ಯೂಟರ್ ಆರಿಸಿ ಹೊತ್ತಿಸಿದ. ತುದಿಗೆ ಉಫ್ ಎಂದು ಊದಿದ. ಆ ವಿದ್ಯೆಯಲ್ಲಿ ಊದುವುದಕ್ಕೆ ದೊಡ್ಡ ಸ್ಥಾನವಿದೆ.

"ಡ್ರೈವರ್ ಹೋಗಿರ್ಬೇಕು ಅಕ್ಕ. ಹೊಸ ಡ್ರೈವರ್ ಹಾಕ್ತೀನಿ."

ಅಣ್ಣನಿಗೆ ಸಿಟ್ಟು ಬಂತು. "ಏನಯ್ಯ, ಅವರ ಎದುರಿಗೇ ಹೀಗಾ ಮಾತಾಡೋದು?"

"ಅಯ್ಯೋ, ಇದು ಕಂಪ್ಯೂಟರ್ ಒಳಗಿನ ಡ್ರೈವರ್ ಸಾರ್! ಮೌಸು ಅಂದ್ರೆ ಇಂಥದ್ದು ಅಂತ ಅದಕ್ಕೆ ಹೇಳಿಕೊಡೋ ಪ್ರೋಗ್ರಾಮು."

ಹೊಸ ಡ್ರೈವರ್ ಬಂದರೂ ಬಾಣ ಏಳಲಿಲ್ಲ. ತನ್ನ ಚೀಲದಿಂದ ಒಂದು ಮಾಮೂಲಿ ಮೌಸು ತೆಗೆದು ಚುಚ್ಚಿದ. ಅದು ಥಟ್ಟನೆ ಓಡಿತು. ಆದರೆ ಅದನ್ನು ಕೈಯಿಂದ ತಳ್ಳಬೇಕು. ಮೇಷ್ಟ್ರ ಕೈ ತಳ್ಳುವ ಕೈಯಲ್ಲ. ಸರಿ, ಗುಂಡಿನ ಮೌಸಿನದೇ ದೋಷವೆಂದು ಅದನ್ನು ಗವಸಿನಿಂದ ಎಳೆದುಕೊಂಡು ಅಂಗಡಿಗೆ ಒಯ್ದ. ಅಲ್ಲಿ ಮೇಜಿನ ಮೇಲೆ ಇಟ್ಟು ಚುಚ್ಚಿದರೆ ಲಕ್ಷಣವಾಗಿ ಕೆಲಸ ಮಾಡಿತು. ಖುಷಿಯಿಂದ ವಾಪಸು ತಂದ. ಹೆಂಡತಿ ವೈರನ್ನು ಮತ್ತೆ ಗವಸಿಗೆ ತೂರಿಸಿ, ಮೊದಲಿನ ಹಾಗೆ ಸರಳಿಗೆ ಬಿಗಿದು, ಗಂಡ ನೋಡಲೆಂದು ಮಂಚದ ತಲೆ ಎತ್ತಿದಳು. ಸತ್ತ ಇಲಿ.

"ಅಂಗಡೀಲಿ ಜಾಣ, ಮನೇಲಿ ಕೋಣ" ಎಂದು ಹಾರ್ನ್ ತಲೆ ಕೆರೆದುಕೊಂಡ. "ಇನ್ನೊಂದು ತರಿಸೋಣ ಅಂದ್ರೆ ಅದು ಹೊರಗಿಂದ ಬರ್ಬೇಕು ಅಕ್ಕ, ಟೈಮ್ ಹಿಡಿಯುತ್ತೆ."

ಮೇಷ್ಟ್ರು ಎಲ್ಲವನ್ನೂ ನೋಡುತ್ತಿದ್ದರು. ಕಾರಿನಲ್ಲಿ ಸದ್ದು ಬಂದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ, ಯಾವಾಗ ಬರುತ್ತೆ ಎಂಬುದು. ತಿರುಗುವಾಗಲೋ, ಏರುವಾಗಲೋ, ನಿಂತಾಗಲೋ? ಹಾರ್ನ್ ಕಲಿಯುವಾಗಲೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಂಗಡಿಯಲ್ಲಿ ವೈರು ಸಡಿಲವಾಗಿ ಮಲಗಿರುತ್ತದೆ. ಇಲ್ಲಿ ಮಂಚದ ತಲೆ ಎತ್ತಿದ ಕೂಡಲೇ ಗವಸು ಹಗ್ಗದಂತೆ ಬಿಗಿಯುತ್ತದೆ. ಅದನ್ನು ಎರಡನೆಯ ದಿನವೇ ಅವರು ಕಂಡುಕೊಂಡರು. ಒಳಗೆ ಎಳೆ ಹರಿದಿದೆ. ಮಂಚ ಚಪ್ಪಟೆ ಇದ್ದರೆ ತುದಿಗಳು ಕೂಡುತ್ತವೆ, ಎತ್ತಿದರೆ ಬಿಡುತ್ತವೆ. ಗೊತ್ತಾಗಿ ಏನು ಪ್ರಯೋಜನ? ಕೆಟ್ಟದ್ದೇನೆಂದು ಹೇಳಲು ಬೇಕಾದದ್ದು ಆ ಕೆಟ್ಟ ವಸ್ತುವೇ.

"ಮಲಗಿಸ್ಲಾ?" ಎಂದು ಹೆಂಡತಿ ಕೇಳಿದಾಗ ಮೇಷ್ಟ್ರು ಕಣ್ಣನ್ನು ಹುಬ್ಬಿನವರೆಗೆ ಎತ್ತಿದರು. ಮಟಮಟ ಮಧ್ಯಾಹ್ನ. ಅವಳು ಪಾಪ, ಸುಸ್ತಾಗಿದೆ ಎಂದುಕೊಂಡಳು. ಹೆಬ್ಬೆರಳಿನ ಕೆಳಗಿನಿಂದ ಮೌಸನ್ನು ಜೋಪಾನವಾಗಿ ತೆಗೆದಳು, ಕಂಪ್ಯೂಟರ್ ಆರಿಸಿದಳು, ಮೇಜನ್ನು ಗೋಡೆಗೆ ತಳ್ಳಿದಳು, ಕಿಟಕಿಯ ಪರದೆ ಎಳೆದಳು, ಆಮೇಲೆ ಮಂಚ ಇಳಿಸಿದಳು. ಪ್ರತಿಸಲವೂ ಅದೇ ಕ್ರಮ. ಅವಳ ಅಚ್ಚುಕಟ್ಟೇ ಅವರಿಗೆ ಬೀಗವಾಯಿತು. ಕತ್ತಲು ಮಾಡಿದ ಕೋಣೆಯಲ್ಲಿ, ಎಚ್ಚರವಾಗಿ, ಛಾವಣಿ ನೋಡುತ್ತ ಬಿದ್ದುಕೊಂಡರು.

ಅಣ್ಣ ಅಕ್ಷರ ಹೇಳಿಸುವ ಉಪಾಯ ಮಾಡಿದ. ತಾನು ಒಂದೊಂದೇ ಅಕ್ಷರ ಹೇಳುವುದು, ಭಾವ ಬೇಕಾದ ಕಡೆ ಕಣ್ಣೆತ್ತುವುದು. ಮೌಸು ಬರುವ ಮೊದಲು ಹಾಗೇ ಮಾಡುತ್ತಿದ್ದರು, ಆದರೆ ಈಗ ಮೇಷ್ಟ್ರ ಕಣ್ಣು ಒಣಗುತ್ತಿತ್ತು, ಬೇಡವೆಂದರೂ ರೆಪ್ಪೆ ಮುಚ್ಚುತ್ತಿತ್ತು. ಬಹಳ ಕಷ್ಟಪಟ್ಟು 'ಬ' ಹತ್ತಿರ ಬಂದು ಕಣ್ಣೆತ್ತಿದರು.

"ಬ! ಬ ಅಂದ್ರು! ಬಾಯಾರಿಕೆನಾ ಭಾವ?"

ಕಣ್ಣು ಮುಚ್ಚಿತು.

"ಬಿಸಿ? ಸೆಕೆ ಆಗ್ತಿದ್ಯಾ? ಫ್ಯಾನ್ ಹಾಕೇ."

"ಬೆನ್ನಿರ್ಬೇಕು ಅಣ್ಣ. ಬೆನ್ನು ನೋಯ್ತಿದ್ಯೇನ್ರೀ?"

ಅಷ್ಟರಲ್ಲಿ ಒಣಗಿದ ಕಣ್ಣು ಉರಿದು ಮೇಲಕ್ಕೆ ಹೊರಳಿತು. ಅದೇ ಹೌದಾಯಿತು. ಇಬ್ಬರೂ ಸೇರಿ ಅವರನ್ನು ಗೋಡೆಯ ಕಡೆ ಹೊರಳಿಸಿ, ಎಣ್ಣೆ ಹಚ್ಚಿ, ಬೆನ್ನು ತಿಕ್ಕಿದರು. ತುಂಬ ಪ್ರೀತಿಯಿಂದ ತಿಕ್ಕಿದರು. ಗೋಡೆ ನೋಡುತ್ತ ಮಲಗಿದ್ದ ಮೇಷ್ಟ್ರ ತಲೆಯಲ್ಲಿ ಇಳಿಜಾರು, ಲಾರಿ, ಖಾಲಿ ಇಳಿಯುವ ಪೆಡಲು.

ಅವರಲ್ಲಿ ಉತ್ತರಕ್ಕೆ ಬರವಿರಲಿಲ್ಲ. ಸರಿಯಾದ ಪ್ರಶ್ನೆ ಕೇಳುವವರಿಲ್ಲದೆ ಅವು ಒಳಗೇ ಕೊಳೆಯುತ್ತಿದ್ದವು. ಚಹಾನಾ, ದಿಂಬಾ, ಕಿಟಕಿ ಹಾಕಲಾ, ಸೊಳ್ಳೆಯಾ? ಇಷ್ಟು ಬಾಗಿಲುಗಳಿದ್ದವು ಅವರ ಜಗತ್ತಿಗೆ. ಯಾವುದರಲ್ಲೂ ಅವರ ಮಾತು ತೂರುವಂತಿರಲಿಲ್ಲ.

ಶನಿವಾರ ಸಂಜೆ ಅಣ್ಣ ಕಾರು ತೊಳೆಸಿದ. ಹೆಂಡತಿ ಕೀ ತಂದು ಗಂಡನ ಕೈಗೆ ಮುಟ್ಟಿಸಿದಳು. ಅವರ ಕಣ್ಣಲ್ಲಿ ನೀರು ಧಾರೆಯಾಯಿತು. ಎದೆ ಏದುಸಿರು ಬಿಟ್ಟಿತು. ಸಂತೋಷಕ್ಕೆ ಎಂದು ಅಣ್ಣ ಹೇಳಿದ. ಅವಳು ಮಾತ್ರ ಮುಖ ನೋಡುತ್ತ ನಿಂತಳು. ಅಷ್ಟು ವರ್ಷ ಬಾಳಿದವಳು. ಆ ಕಣ್ಣಲ್ಲಿದ್ದದ್ದು ಸಂತೋಷವಲ್ಲವೆಂದು ಅವಳಿಗೆ ತಿಳಿಯಿತು.

"ನಾನು ಕಾರು ಓಡಿಸೋದು ನಿಮಗೆ ಬೇಡ್ವಾ?"

ಮೇಷ್ಟ್ರು ರೆಪ್ಪೆ ಅಲುಗಿಸದೆ ಅವಳನ್ನು ನೋಡಿದರು. ಬಂದ ಪ್ರಶ್ನೆಗಳಲ್ಲಿ ಗುರಿಗೆ ಅತಿ ಹತ್ತಿರದ್ದು ಇದು, ಅತಿ ಕೆಟ್ಟದ್ದೂ ಇದೇ. ಬೇಡ ಎಂದರೆ ನಾಳೆ ಅವಳು ಇಳಿಜಾರಿಗೆ ಹೋಗುವುದಿಲ್ಲ, ಆದರೆ ಗಂಡನಿಗೆ ತಾನು ಕಲಿಯುವುದೇ ಇಷ್ಟವಿಲ್ಲ ಎಂದು ತಿಳಿಯುತ್ತಾಳೆ. ಬೇಕು ಎಂದರೆ ಅವಳ ಮುಖ ಅರಳುತ್ತದೆ. ನಾಳೆ ಬೆಳಿಗ್ಗೆಯವರೆಗೆ.

"ಹೇಳ್ರೀ. ಬೇಡ್ವಾ?"

ಅವರು ಕಣ್ಣೆತ್ತಿದರು. ಹೌದು, ಬೇಡ.

"ಸರಿಯಾಗಿ ನೋಡಿ ಹೇಳಿ. ಕಣ್ಣು ಉರಿದು ಎತ್ತಿದ್ದಾ, ನಿಜವಾಗ್ಲೂ ಎತ್ತಿದ್ದಾ? ನಾನು ಓಡಿಸೋದು ಬೇಡ್ವಾ?"

ಮತ್ತೆ ಎತ್ತಿದರು. ಅನುಮಾನಕ್ಕೆ ಎಡೆಯಿಲ್ಲದಂತೆ, ಎತ್ತಿದ್ದನ್ನು ಇಳಿಸದೆ ಹಿಡಿದರು.

ಅವಳು ಕೀ ತೆಗೆದುಕೊಂಡು ಮೊಳೆಗೆ ತಗುಲಿಸಿದಳು. "ಆಯ್ತು ಅಣ್ಣ, ಬಿಡು. ಅವರಿಗೆ ಇಷ್ಟ ಇಲ್ಲ."

"ಅಲ್ಲ ಕಣೇ, ಇಷ್ಟು ದಿನ ಅವರೇ ಕಲಿಸಿ..."

"ಕಲಿಸಿದ್ದು ಕಾಲ ಕಳೆಯೋಕೆ ಇರ್ಬೇಕು. ತಟ್ಟೆ ಹಿಡ್ಕೊಂಡು ಕೂತ್ರೆ ತಮಾಷೆ. ನಿಜವಾಗ್ಲೂ ಓಡಿಸ್ತಾಳೆ ಅಂದ ತಕ್ಷಣ ಬೇಡ ಆಯ್ತು. ಅವತ್ತು ನಡುರಸ್ತೇಲಿ ಇಳಿದು ಬರೋ ಹಾಗೆ ಮಾಡಿದ್ರಲ್ಲ, ಅದೇ ಮನುಷ್ಯ." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಇಷ್ಟು ನೋಯುತ್ತಿರಲಿಲ್ಲ.

ಭಾನುವಾರ ಕಾರು ಶೆಡ್ಡಿನಲ್ಲೇ ಉಳಿಯಿತು. ಆಮೇಲಿನ ದಿನಗಳಲ್ಲಿ ಆ ಕೋಣೆಯಲ್ಲಿ ಆರೈಕೆಗೆ ಏನೂ ಕಡಿಮೆಯಾಗಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಔಷಧಿ, ಮಗ್ಗುಲು ಬದಲಾವಣೆ. ಮಾತು ಮಾತ್ರ ನಿಂತಿತು. ಮೊದಲೆಲ್ಲ ಹೊಲಿಯುತ್ತ ಅವಳು ಬೀದಿಯ ಸುದ್ದಿಯನ್ನೆಲ್ಲ ಬಡಿಸುತ್ತಿದ್ದಳು. ಯಾರ ಮಗಳ ಅಂಗಿ ಮತ್ತೆ ಬಿಗಿಯಾಯಿತು, ಕೆಳಗಿನ ಮನೆಯವರು ನೀರಿಗೆ ಯಾರ ಜೊತೆ ಜಗಳವಾಡಿದರು. ಈಗ ಯಂತ್ರದ ಸದ್ದು ಬಿಟ್ಟರೆ ಏನಿಲ್ಲ. "ಮಲಗಿಸ್ಲಾ" ಎಂದು ಕೇಳುವುದನ್ನೂ ಬಿಟ್ಟಳು. ಹೊತ್ತಾದಾಗ ಮಲಗಿಸುತ್ತಿದ್ದಳು, ಹೊತ್ತಾದಾಗ ಎಬ್ಬಿಸುತ್ತಿದ್ದಳು. ಅಣ್ಣ ಬಂದವನು, "ಹಾಗಾದ್ರೆ ಕಾರನ್ನ ಯಾರಿಗಾದ್ರೂ ದಾಟಿಸಿಬಿಡೋಣ, ಸುಮ್ನೆ ತುಕ್ಕು ಹಿಡಿಯುತ್ತೆ. ನಮ್ಮ ಗೋಡೌನಲ್ಲಿ ಒಬ್ಬ ಕೇಳ್ತಿದ್ದ" ಎಂದ. "ಮಾಡು" ಎಂದಳು, ದಾರ ಕಚ್ಚಿ ತುಂಡರಿಸುತ್ತ. ಈಗ ಮೇಷ್ಟ್ರಿಗೆ ಇನ್ನೊಂದು ಚಿಂತೆ ಹುಟ್ಟಿತು: ಕಾಣದ ಆ ಗೋಡೌನಿನವನ ಹೆಂಡತಿ ಮಕ್ಕಳು. ಬೇಡವೆಂದು ಹೇಳಿ ಒಬ್ಬಳನ್ನು ಉಳಿಸಿದರೆ ಅಪಾಯ ಇನ್ನೊಂದು ಮನೆಗೆ ಹೊರಟಿತ್ತು.

ಬಾಗಿಲು ತೆರೆದದ್ದು ಅವಳ ಮುನಿಸಿನಿಂದಲೇ. ಒಂದು ಮಧ್ಯಾಹ್ನ ಶಾಲೆಯವರು ಸಮವಸ್ತ್ರಕ್ಕೆ ಅವಸರ ಮಾಡುತ್ತಿದ್ದರು. ಅವಳು ಎದ್ದು ಬಂದು, ಹಿಡಿಕೆ ಗರಗರ ತಿರುಗಿಸಿ ಮಂಚ ಇಳಿಸಿದಳು. ಕೆಟ್ಟರೂ ಎಂದಾದರೂ ಏಳಲಿ ಎಂದು ದಿನವೂ ಹೆಬ್ಬೆರಳಿನಡಿ ಇಡುತ್ತಿದ್ದ ಮೌಸು ತೆಗೆಯಲಿಲ್ಲ. ಕಂಪ್ಯೂಟರ್ ಆರಿಸಲಿಲ್ಲ. ಮೇಜು ತಳ್ಳಲಿಲ್ಲ. ಕೆಟ್ಟ ಮೌಸು ಎಲ್ಲಿದ್ದರೇನು ಎಂದೋ, ಇವರಿಗೆ ಇಷ್ಟೆಲ್ಲ ಯಾಕೆ ಎಂದೋ. ಹೋಗಿ ಯಂತ್ರದ ಮುಂದೆ ಬೆನ್ನು ಹಾಕಿ ಕೂತಳು.

ಮಂಚ ಚಪ್ಪಟೆಯಾಯಿತು. ಗವಸು ಸಡಿಲವಾಯಿತು. ಕಂಪ್ಯೂಟರ್ ಟಿಂಗ್ ಎಂದಿತು.

ಯಂತ್ರದ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಮೇಷ್ಟ್ರಿಗೆ ಕೇಳಿತು. ಮಲಗಿದಲ್ಲಿಂದ ಪರದೆ ಓರೆಯಾಗಿ, ಅರ್ಧ ಮಾತ್ರ ಕಾಣುತ್ತಿತ್ತು. ಹೆಬ್ಬೆರಳು ಗುಂಡಿನ ಮೇಲೆಯೇ ಇತ್ತು. ಹೊರಳಿಸಿದರು. ಬಾಣ ಓಡಿತು. ಆ ಕ್ಷಣದಲ್ಲಿ ಅಳು ಬಂದರೆ ಕಣ್ಣು ಮಂಜಾಗುತ್ತದೆ ಎಂದು ಅಳುವನ್ನು ಆಚೆಗಿಟ್ಟೆ ಎಂದು ಆಮೇಲೆ ಬರೆದಿದ್ದರು. ಬಾಣವನ್ನು ಕಾಣುವ ಮೂಲೆಗೆ ಒಯ್ದು ಕೆಂಪು ಚುಕ್ಕೆ ಒತ್ತಿದರು.

ಪಾಂ!

ಅವಳ ಸೂಜಿ ಅಡ್ಡ ಹೊಲಿದು ಒಂದು ಕಾಲರು ಹಾಳಾಯಿತು. ತಿರುಗಿ ನೋಡಿದಳು. ಮೇಷ್ಟ್ರು ಮತ್ತೆ ಒತ್ತಿದರು. ಪಾಂ, ಪಾಂ, ಪಾಂ. ಓಡಿ ಬಂದವಳು ಅಭ್ಯಾಸಬಲದಿಂದ ಮೊದಲು ಹಿಡಿಕೆಗೆ ಕೈ ಹಾಕಿದಳು, ಎತ್ತಿ ಕೂರಿಸಲು. ಅವರು ಕಣ್ಣನ್ನು ಗಟ್ಟಿಯಾಗಿ ಮುಚ್ಚಿದರು. ಇಲ್ಲ, ಇಲ್ಲ, ಇಲ್ಲ.

"ಎತ್ತೋದು ಬೇಡ್ವಾ?"

ಕಣ್ಣು ಮೇಲಕ್ಕೆ.

ಅವಳು ಪರದೆಯನ್ನೇ ಅವರ ಕಡೆ ತಿರುಗಿಸಿ ಹಿಡಿದುಕೊಂಡು ನಿಂತಳು. ಒಂದೊಂದೇ ಅಕ್ಷರ ಬಂತು. 'ಬ್ರೇಕ್ ಖಾಲಿ. ಎರಡು ಸಲ ಒತ್ತಬೇಕು. ಯಾರಿಗೂ ಹೇಳಿಲ್ಲ. ಕಾರು ಕೊಡಬೇಡಿ.' ಬೆರಳು ನಿಂತಿತು, ದಣಿವಾರಿಸಿಕೊಂಡಿತು, ಮತ್ತೆ ಹೊರಟಿತು. 'ಬೇಡ ಅಂದದ್ದು ಭಾನುವಾರಕ್ಕೆ. ನಿನಗಲ್ಲ.'

ಅವಳು ಓದಿದಳು.

"ಮತ್ತೆ ಅವತ್ತು ಅಷ್ಟು ಗಟ್ಟಿಯಾಗಿ ಕಣ್ಣೆತ್ತಿದ್ರಲ್ರೀ! ನಾನು ಎರಡೆರಡು ಸಲ ಕೇಳಿದೆ!"

'ಪ್ರಶ್ನೆ ತಪ್ಪು.'

"ನನ್ನ ಪ್ರಶ್ನೆ ತಪ್ಪಾ? ಇಷ್ಟು ದಿನ ನಾನು ಉರಿದು ಸತ್ತಿದ್ದೀನಿ, ಇವರು ಪರೀಕ್ಷೆ ತಿದ್ದೋಕೆ ಕೂತಿದ್ದಾರೆ!" ಎಂದು ಬೈದಳು. ಬೈಯುತ್ತ ಅತ್ತಳು, ಅಳುತ್ತ ಮತ್ತೆ ಬೈದಳು. ವಾರಗಳಿಂದ ಕಟ್ಟಿದ್ದ ಬೀದಿಸುದ್ದಿಯೆಲ್ಲ ಅದರ ನಡುವೆಯೇ ಹೊರಬಿತ್ತು. ಮೇಷ್ಟ್ರು ಕೇಳುತ್ತ ಮಲಗಿದ್ದರು. ಕಡೆಗೆ, ಮೌಸು ಯಾಕೆ ಕೆಟ್ಟಿತ್ತು ಎಂದು ಅವಳು ಕೇಳಿದಾಗ 'ಮಂಚ ಎತ್ತಿದರೆ ವೈರು ಎಳೆಯುತ್ತದೆ' ಎಂದಷ್ಟೇ ಬರೆದರು. ಹೊಲಿಗೆಯ ಮಾತು ಎತ್ತಲಿಲ್ಲ. ಅವಳು ಬಗ್ಗಿ ಸರಳನ್ನು ನೋಡಿದಳು, ತನ್ನ ಜೋಡಿದಾರದ ಬಿಗಿ ನೋಡಿದಳು. ಕತ್ತರಿ ತಂದು ತಾನೇ ಬಿಚ್ಚಿದಳು.

ಹಾರ್ನ್ ಬಂದು ವೈರಿನ ಹರಿದ ಭಾಗ ಕತ್ತರಿಸಿ ಬೆಸೆದುಕೊಟ್ಟ. "ವೈರು ಅಲ್ಲಾಡಿಸಿ ನೋಡೋದೇ ಬಿಟ್ಟೆನಲ್ಲ" ಎಂದು ಹಣೆ ಚಚ್ಚಿಕೊಂಡ. 'ಹಾರ್ನ್ ಮೊದಲು, ಬ್ರೇಕ್ ಆಮೇಲೆ. ನೀನು ಬದಲಾಗಲ್ಲ' ಎಂದು ಪರದೆ ಹೇಳಿತು. ಮೆಕ್ಯಾನಿಕ್ ಕಾರಿನ ಬ್ರೇಕ್ ಬಿಚ್ಚಿ ಸರಿಮಾಡಿದ. ಅಣ್ಣ ಅದನ್ನು ಕೇಳಿದವನೇ ಕುರ್ಚಿಯನ್ನು ಮಂಚದ ಬಳಿಗೆ ಎಳೆದುಕೊಂಡು ಕೂತ. "ನಾನು ಒಂದೇ ಸಲ ಒತ್ತುತ್ತಿದ್ದೆ ಭಾವ" ಎಂದ.

ಬ್ರೇಕಿನ ಪಾಠ ಮೊದಲಾಯಿತು. ಹೊಲಿಗೆಯಂತ್ರದ ಪಕ್ಕ ಒಂದು ಇಟ್ಟಿಗೆ ಬಂತು. ಕಾಲೆತ್ತಿದ ಕೂಡಲೇ ಅದನ್ನು ಒತ್ತಬೇಕು. ಕೂತಲ್ಲಿ ನಿಂತಲ್ಲಿ ಅವಳ ಕಾಲು ಒತ್ತುತ್ತಿತ್ತು. ಆಮೇಲೆ ಅಣ್ಣನ ಜೊತೆ ಮೈದಾನ, ಆಮೇಲೆ ರಸ್ತೆ. ಮನೆಗೆ ಬಂದು ಎಲ್ಲೆಲ್ಲಿ ಏನಾಯಿತೆಂದು ಅವಳು ವರದಿ ಒಪ್ಪಿಸುವಳು, ಅವರು ಪರದೆ ತುಂಬ ಬೈಯುವರು. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹಾಕುತ್ತಿರಲಿಲ್ಲ, ಅದಕ್ಕೆ ಗುಂಡಿಯ ಇನ್ನೊಂದು ಒತ್ತು ಸುಮ್ಮನೆ ದಂಡ ಎಂದು. ಪರೀಕ್ಷೆಯಲ್ಲಿ ಪಾಸಾದಳು. ಆ ವಾರವೇ ಮೇಷ್ಟ್ರಿಗೆ ಕಫ ಹೆಚ್ಚಿತು.

ಮಂಗಳವಾರ ಬೆಳಿಗ್ಗೆ ಜ್ವರ ಸ್ವಲ್ಪ ಇಳಿದಂತಿತ್ತು. ನೂಲು ಮುಗಿದಿದೆ, ಕಾರಿನಲ್ಲೇ ಹೋಗಿ ತಂದುಬಿಡಲೇ ಎಂದು ಅವಳು ಕೇಳಿದಳು. ಅದುವರೆಗೆ ಒಬ್ಬಳೇ ಓಡಿಸಿರಲಿಲ್ಲ. ಅವರು ಕಣ್ಣೆತ್ತಿದರು. ಕೆಳಗಿನ ಮನೆಯಾಕೆಯನ್ನು ಬಾಗಿಲ ಬಳಿ ಕೂರಿಸಿ, ಕಿಟಕಿಯ ಹೊರಗೆ ಓಣಿಯ ತಿರುವೂ ಶೆಡ್ಡಿನ ಮುಂಭಾಗವೂ ಕಾಣುವಷ್ಟು ಮಂಚ ಎತ್ತಿ, ಮೌಸನ್ನು ಹೆಬ್ಬೆರಳಿನಡಿ ಇಟ್ಟು ಹೊರಟಳು.

ಹೋದಳು, ಬಂದಳು. ಮೆಟ್ಟಿಲು ಹತ್ತಿ ಬಂದಾಗ ಮುಖ ದೀಪವಾಗಿತ್ತು. ಪರದೆಯಲ್ಲಿ ಆಗಲೇ ಸಾಲು ಕಾದಿತ್ತು: 'ತಿರುವಿನಲ್ಲಿ ಇಂಡಿಕೇಟರ್ ಹಾಕಲಿಲ್ಲ. ನೋಡಿದೆ. ಇನ್ನೊಂದು ಸುತ್ತು ಹೋಗಿ ಬಾ.'

"ಅಯ್ಯೋ, ಹೊಗಳಿದ್ರೆ ಬಾಯಲ್ಲಿರೋ ಮುತ್ತು ಉದುರತ್ತಾ?" ಎಂದಳು. ಆದರೂ ನೂಲಿನ ಚೀಲ ಮಂಚದ ಮೇಲೆ ಎಸೆದು, ನಗುತ್ತ ಇಳಿದು ಹೋದಳು.

ಎರಡನೆಯ ಸುತ್ತಿನಲ್ಲಿ ಕಾರು ತಿರುವಿಗೆ ಬಂದಾಗ ಹಳದಿ ದೀಪ ಮಿಣುಕುತ್ತಿತ್ತು. ಶೆಡ್ಡಿನ ಮುಂದೆ ನಿಂತ ಮೇಲೂ ಮಿಣುಕುತ್ತಲೇ ಇತ್ತು. ಹಳೆಯ ಕಾರು, ಅದರಲ್ಲಿ ಅದು ತಾನಾಗಿ ಆರುತ್ತಿರಲಿಲ್ಲ. ಅವಳು ಬಾಗಿಲು ಹಾಕಿ, ಓಣಿಯವರ ಜೊತೆ ಒಂದು ಮಾತಾಡಿ, ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ, ಬಾಗಿಲ ಬಳಿ ಕೂತಿದ್ದ ಕೆಳಗಿನ ಮನೆಯಾಕೆಗೂ ತಿಳಿಯದ ಹಾಗೆ, ಉಸಿರು ನಿಂತಿತ್ತು. ಅದಕ್ಕೆ ಮುಂಚೆ ಕಿಟಕಿಯಿಂದ ಕೆಳಗೆ ನೋಡಿ, ಹೆಬ್ಬೆರಳಿನಲ್ಲಿ ಗುಂಡು ಹೊರಳಿಸಿ, ಮೇಷ್ಟ್ರು ಬರೆದದ್ದು ಇಷ್ಟು:

'ಹಾಕಿದ್ದು ಸರಿ. ಆರಿಸುವುದು ಯಾರು'